ಕರೆಂಟ್ ಸಾಹೇಬರಿಗೊಂದು ಬಹಿರಂಗ ಪತ್ರ

ಶ್ರೀಮಾನ್ ಕರೆಂಟ್ ಸಾಹೇಬರಿಗೆ,
ಟ್ರಾನ್ಸ್‌ಫಾರ್ಮರ್ ಕಂಬ, ಗೊಳಸಂಗಿ, ವಿಜಯಪುರ ಜಿಲ್ಲೆ.

ಉಭಯಕುಶಲೋಪರಿ ಸಾಂಪ್ರತ. ಅಜ್ಜಂದಿರು ಪತ್ರದ ತಲೆಗೆ ಬರೆಯುತ್ತಿದ್ದ ಈ ‘ಸಾಂಪ್ರತ’ಕ್ಕೆ ಇಂಗ್ಲಿಷಿನಲ್ಲಿ ತಮ್ಮದೇ ಹೆಸರಂತೆ: ಸದ್ಯದ್ದು, ಈಗಿನದು. ನಮ್ಮೂರಲ್ಲಿ ತಾವು ‘ಈಗ ಹೋತು’, ‘ಈಗ ಬರ್ತದ’ ಎಂಬ ಎರಡು ಮಾತುಗಳ ನಡುವೆಯೇ ವಾಸವಾಗಿರುವುದರಿಂದ ನಿಘಂಟಿನವರನ್ನು ಪೂರ್ತಿ ತಪ್ಪು ಎನ್ನಲಾಗದು.

ನಂಟು ಬೆಳೆಸುವ ಮೊದಲು ಮನೆತನ ಕೇಳುವುದು ನಮ್ಮ ಕಡೆಯ ಪದ್ಧತಿ. ಕೇಳಿದ್ದೇವೆ. ತಮ್ಮ ಮೂಲ ಲ್ಯಾಟಿನ್, ಅಲ್ಲಿ ‘ಓಡು’ ಎಂಬ ಕ್ರಿಯಾಪದದ ಕುಲ. ಫ್ರೆಂಚರ ಮನೆಯಲ್ಲಿ ಬೆಳೆದು ಇಂಗ್ಲಿಷಿಗೆ ಬಂದಿರಿ. ಮೊದಲು ಹರಿಯುವ ನೀರಿನಲ್ಲಿದ್ದಿರಿ, 18ನೇ ಶತಮಾನದಲ್ಲಿ ತಂತಿಯೊಳಗೆ ಹೊಕ್ಕಿರಿ. ಅಂದಮೇಲೆ ಓಡಿಹೋಗುವುದು ತಮ್ಮ ಚಟವಲ್ಲ, ಕುಲಾಚಾರ. ಕನ್ನಡಕ್ಕೆ ಮಾತ್ರ ತಡವಾಗಿ ಬಂದಿರಿ. ಕಿಟೆಲ್ಲರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಾವು ಹೊರಟದ್ದು 1902ರಲ್ಲಿ. ಬೆಂಗಳೂರಿನ ಬೀದಿದೀಪಕ್ಕೆ ಏರಿದ್ದು 1905ರಲ್ಲಿ. ಕಿಟೆಲ್ಲರು ಇನ್ನೊಂದು ಹತ್ತು ವರ್ಷ ತಾಳಿದ್ದರೆ ಬಹುಶಃ ತಮಗೂ ಅರ್ಧ ಸಾಲಿನ ಜಾಗ ಸಿಗುತ್ತಿತ್ತು.

ನಿಘಂಟು ಹೋಗಲಿ, ಬಾಯಿಮಾತಿಗೆ ಬರೋಣ. ವಿಜ್ಞಾನದ ಪುಸ್ತಕದಲ್ಲಿ ತಾವು ‘ಪ್ರವಹಿಸು’ತ್ತೀರಿ. ಇಲ್ಲಿ ಯಾರ ಮನೆಯಲ್ಲೂ ಪ್ರವಹಿಸಿದ್ದನ್ನು ಕೇಳಿಲ್ಲ. ಬರುತ್ತೀರಿ, ಹೋಗುತ್ತೀರಿ, ಎಚ್ಚರ ತಪ್ಪಿದರೆ ಹೊಡೆಯುತ್ತೀರಿ. ಶಾಲೆಯ ಮಕ್ಕಳ ಪಾಡು ಕೇಳಬೇಡಿ: ಪಾಠದಲ್ಲಿ ‘ವಿದ್ಯುತ್ ಪ್ರವಾಹ’, ಮಳೆಗಾಲದ ಪತ್ರಿಕೆಯಲ್ಲಿ ಕೃಷ್ಣೆಯ ‘ಪ್ರವಾಹ ಭೀತಿ’. ಎರಡಕ್ಕೂ ಹೆದರುವುದನ್ನು ಕಲಿತಿವೆ.

ತಮಗೆ ಉಪನಾಮಗಳೂ ಕಡಿಮೆಯಿಲ್ಲ. ಮನೆಯೊಳಗೆ ತಾವು ‘ಲೈಟ್’. ನಡುಮಧ್ಯಾಹ್ನ ಫ್ಯಾನು ನಿಂತರೂ ‘ಲೈಟ್ ಹೋದ್ವು’ ಎನ್ನುತ್ತೇವೆ, ಅದೂ ಬಹುವಚನದಲ್ಲಿ. ಗೌರವಕ್ಕೆ ಕೊರತೆ ಮಾಡಿಲ್ಲ. ತಿಂಗಳ ಚೀಟಿ ‘ಲೈಟ್ ಬಿಲ್’. ಹೊಲಕ್ಕೆ ಹೋದರೆ ‘ತ್ರೀ ಫೇಸ್’. ‘ವಿದ್ಯುತ್’ ಎಂಬ ಸಂಸ್ಕೃತದ ಹೆಸರು ಪಾಠಪುಸ್ತಕ ಬಿಟ್ಟರೆ ಕಚೇರಿಯ ಬೋರ್ಡಿನ ಮೇಲಷ್ಟೇ ಉಳಿದಿದೆ. ಅದರ ಮೂಲಾರ್ಥ ಮಿಂಚು, ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುವಂಥದ್ದು. ಹೆಸರಿಟ್ಟವರು ಮುಂದಾಲೋಚನೆಯವರು. ಆದರೆ ನನ್ನನ್ನು ಕೇಳಿದರೆ ತಮಗೆ ಸರಿಯಾದ ಪರ್ಯಾಯಪದ ನಮ್ಮ ಕಡೆಯ ‘ಚಾಲೂ’. ಮೋಟರ್ ಓಡತೊಡಗಿದರೆ ‘ಚಾಲೂ ಆತು’. ಸಿಕ್ಕಂತೆ ಮಾಡಿ ಸಿಗದ ಮನುಷ್ಯನಿಗೂ ‘ಭಾಳ ಚಾಲೂ ಅದಾನ’. ಒಂದೇ ಪದದಲ್ಲಿ ತಮ್ಮ ಉದ್ಯೋಗ, ಸ್ವಭಾವ ಎರಡೂ ಬಂದವು.

ತಮ್ಮ ನಿಘಂಟಿನ ಎರಡು ದೊಡ್ಡ ಅರ್ಥಗಳೂ ನಮ್ಮ ಸುತ್ತಲೇ ಕೆಲಸಕ್ಕಿವೆ. ನೀರಿನ ಸೆಳವು ಎಂಬ ಹಳೆಯ ಅರ್ಥವನ್ನು ಆಲಮಟ್ಟಿಯಲ್ಲಿ ಕಟ್ಟಿಹಾಕಿದ್ದೇವೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಜಲಾಶಯ ಅದು. ಈಗ 519.60 ಮೀಟರ್‌ವರೆಗೆ ನೀರು ನಿಲ್ಲುತ್ತದೆ. ಹೊಳೆ ದಂಡೆಯ ಎಷ್ಟೋ ಊರುಗಳು ನೀರಿಗೆ ಜಾಗ ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಕ್ಕಿರುವ ‘ಆರ್.ಸಿ.’ ಎಂಬ ಎರಡು ಇಂಗ್ಲಿಷ್ ಅಕ್ಷರಗಳಲ್ಲಿ ಸಂಸಾರ ಹೂಡಿವೆ. ಅಣೆಕಟ್ಟಿನ ಬುಡದಲ್ಲಿ 290 ಮೆಗಾವಾಟ್ ತಯಾರಿಸಬಲ್ಲ ಮನೆಯೂ ಇದೆ. ಅದೇ ಜಲಾಶಯದ ನೀರು ಕುಡಿದು, ರೈಲಿನಲ್ಲಿ ಬರುವ ಕಲ್ಲಿದ್ದಲು ತಿಂದು, ಪಕ್ಕದ ಕೂಡಗಿಯಲ್ಲಿ 800 ಮೆಗಾವಾಟಿನ ಮೂರು ಘಟಕಗಳು ನಿಂತಿವೆ, ಒಟ್ಟು 2,400. ನಾಲ್ಕಾರು ರಾಜ್ಯಗಳಿಗೆ ಪಾಲು ಹಂಚುವಷ್ಟು ದೊಡ್ಡ ತವರುಮನೆ ತಮ್ಮದು. ಅಲ್ಲಿಂದ ಹೊರಟ ತಮ್ಮ ದಪ್ಪ ತಂತಿಗಳು ನಮ್ಮ ಉಳ್ಳಾಗಡ್ಡಿ, ತೊಗರಿಯ ಹೊಲಗಳ ಮೇಲೆ ಹಾದು ದೂರದೂರಿಗೆ ನಡೆದಿವೆ. ಮಗಳು ಮನೆ ಮುಂದಿನ ರಸ್ತೆಯಲ್ಲೇ ಕಾರಿನಲ್ಲಿ ಹೋದಳು, ಇಳಿಯಲಿಲ್ಲ ಎಂದು ತಾಯಿ ಮುನಿಸಿಕೊಳ್ಳಬಹುದು. ನಾವು ಹಾಗೆ ಮುನಿಯುವವರಲ್ಲ.

ಹಿಂದೆ ತಾವು ಹೋದಾಗ ಚಿಮಣಿ ಹಚ್ಚುತ್ತಿದ್ದೆವು. ಈಗ ಚಿಮಣಿ ಎಣ್ಣೆ ಸಿಗುವುದೇ ಅಪರೂಪ. ಚಿಂತೆಯಿಲ್ಲ, ಕೂಡಗಿಯ ಚಿಮಣಿಯ ಮೇಲಿನ ಕೆಂಪು ದೀಪ ಬಯಲಿಗೆ ನಿಂತರೆ ಕಾಣುತ್ತದೆ. ವಿಮಾನದವರಿಗೆಂದು ಹಚ್ಚಿದ್ದು, ನಾವೂ ನೋಡಿಕೊಳ್ಳುತ್ತೇವೆ. ಪಿ.ಎಸ್.ಐ. ಪರೀಕ್ಷೆಗೆ ಕೂತ ಹುಡುಗರು ಮಾತ್ರ ಮೊಬೈಲ್ ಬ್ಯಾಟರಿ ಬೆಳಕಿನಲ್ಲಿ ‘ಕರೆಂಟ್ ಅಫೇರ್ಸ್’ ಓದುತ್ತಾರೆ. ಹಾಗಾಗಿ ಊರಲ್ಲಿ ತಾವು ಇಲ್ಲ ಎಂದು ಯಾರೂ ಹೇಳುವಂತಿಲ್ಲ; ಪುಸ್ತಕದ ರಟ್ಟಿನ ಮೇಲಾದರೂ ಇದ್ದೀರಿ.

ದುಡ್ಡಿನ ತಕರಾರು ತೆಗೆಯಲೂ ದಾರಿಯಿಲ್ಲ. 2023ರ ಜುಲೈನಿಂದ ಗೃಹಜ್ಯೋತಿ ಯೋಜನೆ ಬಂದು ತಿಂಗಳಿಗೆ 200 ಯೂನಿಟ್‌ವರೆಗೆ ಮನೆಗೆ ಪುಕ್ಕಟೆ. ಹತ್ತು ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಅದಕ್ಕೂ ಮೊದಲಿಂದ ಪುಕ್ಕಟೆ. ಪುಕ್ಕಟೆ ಬಂದ ಬೀಗರನ್ನು ‘ಯಾಕ್ರೀ ತಡ’ ಎಂದು ಕೇಳುವ ಸಂಪ್ರದಾಯ ನಮ್ಮಲ್ಲಿಲ್ಲ, ಅದು ತಮಗೂ ಗೊತ್ತು.

ಆದ್ದರಿಂದ ಅರ್ಥ ಬದಲಿಸಿಕೊಳ್ಳಿ ಎಂದು ಅರ್ಜಿ ಹಾಕುತ್ತಿಲ್ಲ. ಹರಿಯಿರಿ, ಓಡಿರಿ, ಯಾವ ಭಾಷೆಯಲ್ಲಿ ಬೇಕಾದರೂ ಇರಿ. ಒಂದೇ ವಿನಂತಿ: ಹೊಲಕ್ಕೆ ತ್ರೀ ಫೇಸಾಗಿ ಬರುವುದಿದ್ದರೆ ಹಗಲಿನಲ್ಲಿ ಬರ್ರಿ ಸಾಹೇಬ್ರ. ನಟ್ಟಿರುಳು ಬಂದರೆ ಸ್ಟಾರ್ಟರ್ ಒತ್ತಲು ಹೋಗುವವನ ಕಾಲಡಿ ಹಾವು ಇರ್ತಾವ.

ಇಂತಿ,
ತಮ್ಮ ದಾರಿ ಕಾಯುವ
ಗೊಳಸಂಗಿಯ ಒಬ್ಬ ಗ್ರಾಹಕ