ಹತ್ತೊಂಬತ್ತನೇ ಗೇಟಿನ ಧಾರಾವಾಹಿ

ಹೊಸಪೇಟೆಯವರಿಗೆ ಹೊಸಪೇಟೆಯ ಸುದ್ದಿ ತಿಳಿಯಬೇಕಾದರೆ ಬೆಂಗಳೂರಿನ ಬೀಗರು ಫೋನ್ ಮಾಡಬೇಕು. 2024ರ ಆಗಸ್ಟ್ 10ರ ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ ಹತ್ತೊಂಬತ್ತನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಕೊಂಡು ಹೋದಾಗ ನಾವು ಒಗ್ಗರಣಿ-ಮಿರ್ಚಿ ತಿಂದು ಗಡದ್ದಾಗಿ ಮಲಗಿದ್ದೆವು. ಬೆಳಗಾಗೆದ್ದರೆ ಫೋನಿನ ಮೇಲೆ ಫೋನು. "ಮನಿ ಖಾಲಿ ಮಾಡೀರೇನು? ನೀರು ಎಲ್ಲೀತನ ಬಂತು?" ನೀರು ಎಲ್ಲಿಗೂ ಬಂದಿರಲಿಲ್ಲ. ಅವತ್ತು ನಮ್ಮ ಓಣಿಯ ಪಾಳಿ ಅಲ್ಲವಾದ್ದರಿಂದ ನಳದಲ್ಲೂ ಬಂದಿರಲಿಲ್ಲ.

ಟೀವಿ ಹಚ್ಚಿದೆವು. ಅಲ್ಲಿ ಮಾತ್ರ ಪ್ರಳಯ. ಸ್ಟುಡಿಯೋದಲ್ಲಿ ಗ್ರಾಫಿಕ್ಸಿನ ನೀರು ಮೊಣಕಾಲಿನತನಕ ಏರಿದ್ದರೂ ನಿರೂಪಕರ ಪ್ಯಾಂಟಿನ ಇಸ್ತ್ರಿ ಮುರಿದಿರಲಿಲ್ಲ. ಕಣ್ಣಾರೆ ನೋಡೋಣವೆಂದು ಗಾಡಿ ತೆಗೆದುಕೊಂಡು ಡ್ಯಾಮಿಗೆ ಹೋದವರನ್ನು ಪೊಲೀಸರು ದಾರಿಯಲ್ಲೇ ತಡೆದು ಕಳಿಸಿದರು. ಡ್ಯಾಮಿನ ಬುಡದಲ್ಲೇ ಹುಟ್ಟಿ ಬೆಳೆದವರೆಲ್ಲ ಮನೆಗೆ ವಾಪಸ್ ಬಂದು ಅದನ್ನು ಡ್ರೋನಿನ ಕಣ್ಣಲ್ಲಿ ನೋಡಿದೆವು.

ನಮ್ಮ ದೊಡ್ಡಮ್ಮನ ಕೈಯಿಂದ ಸಂಜೆ ಏಳರ ಮೇಲೆ ರಿಮೋಟ್ ಕಸಿಯುವ ಗಂಡಸು ಇನ್ನೂ ಹುಟ್ಟಿಲ್ಲ. ಆ ವಾರ ಆಕೆ ತಾನಾಗಿಯೇ ಸೀರಿಯಲ್ ಬಿಟ್ಟುಕೊಟ್ಟಳು. "ಆ ಹುಡುಗಿಗೆ ಇನ್ನೂ ಎಚ್ಚರ ಬಂದಿಲ್ಲ, ಮುಂದಿನ ತಿಂಗಳು ನೋಡಿದ್ರಾತು. ನೀ ಗೇಟು ಹಾಕು." ಗೇಟಿನಲ್ಲೂ ಕಥೆಗೇನು ಬರವಿರಲಿಲ್ಲ. ಒತ್ತಡ ಇಳಿಸಲೆಂದು ಮೂವತ್ಮೂರೂ ಗೇಟುಗಳಿಂದ ನೀರು ಬಿಟ್ಟರು, ತುಂಬಿದ ಮಡಿಲು ಖಾಲಿಯಾಗುತ್ತಿದೆ ಎಂದು ರೈತರು ಕೈ ಕೈ ಹಿಚುಕಿಕೊಂಡರು, ಮಂತ್ರಿಗಳು ಬಂದರು, ಮುಖ್ಯಮಂತ್ರಿಗಳು ಬಂದರು. ಕೊನೆಗೆ ನಾಯಕನ ಪ್ರವೇಶವಾಯಿತು. ವಯಸ್ಸು ಎಂಬತ್ತರ ಆಸುಪಾಸು, ಹೆಸರು ಕನ್ನಯ್ಯ ನಾಯ್ಡು, ಕಸುಬು ಡ್ಯಾಮಿನ ಗೇಟು.

ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸುತ್ತೇನೆ ಎಂದರು ನಾಯ್ಡು. ಅರವತ್ತು ಅಡಿ ಅಗಲದ ಬಾಯಿಗೆ ನಾಲ್ಕು ನಾಲ್ಕು ಅಡಿ ಎತ್ತರದ ಐದು ಉಕ್ಕಿನ ತುಂಡು, ಸ್ಟಾಪ್‌ಲಾಗ್. ನಿರೂಪಕರು ಅರ್ಧ ಗಂಟೆ ಕೈ ಆಡಿಸಿ ವಿವರಿಸಿದ್ದು ನಮಗಾರಿಗೂ ತಲೆಗೆ ಹೋಗಲಿಲ್ಲ. ದೊಡ್ಡಮ್ಮ ಒಂದೇ ಮಾತಿನಲ್ಲಿ ಮುಗಿಸಿದಳು: "ಹಳೇ ಕಿರಾಣಿ ಅಂಗಡಿಗೆ ನಂಬರ್ ಬರೆದ ಹಲಗಿ ಒಂದರ ಮ್ಯಾಲೊಂದು ಸೇರಿಸಿ ಬಾಗಿಲು ಹಾಕ್ತಿದ್ರಲ್ಲ, ಹಂಗ." ಹೌದು, ಹಾಗೆಯೇ. ಸೆಟ್ಟರ ಅಂಗಡಿಯ ಹಲಗೆಗೆ ಎದುರಾಗಿ ನದಿ ನುಗ್ಗುತ್ತಿರಲಿಲ್ಲ ಅನ್ನುವುದೊಂದೇ ವ್ಯತ್ಯಾಸ.

16ರ ರಾತ್ರಿ ಮೊದಲ ತುಂಡು ಕೂತಿತು. ಓಣಿಯಲ್ಲಿ ಯಾರೋ ಪಟಾಕಿ ಹೊಡೆದರು. ಮರುದಿನ ಉಳಿದವೂ ಕೂತವು. ದೊಡ್ಡಮ್ಮನ ಮುಖ ಸಪ್ಪಗಾಯಿತು. "ಮುಗೀತಾ? ಇಷ್ಟು ಲಗೂನ?" ಆಕೆಯ ಸೀರಿಯಲ್ಲಿನವರ ಕೈಗೆ ಕೊಟ್ಟಿದ್ದರೆ ಮೊದಲ ತುಂಡು ಕ್ರೇನಿನಲ್ಲಿ ನೇತಾಡುತ್ತಿರುವಾಗಲೇ ಗೇಟಿನ ಬಾಲ್ಯಕ್ಕೆ ಹೋಗಿ, 1953ರಲ್ಲಿ ಡ್ಯಾಮು ಮುಗಿದಲ್ಲಿಂದ ಶುರುಮಾಡಿ, ಹದಿನೆಂಟನೇ ಗೇಟಿನ ಹೊಟ್ಟೆಕಿಚ್ಚನ್ನೂ ತೋರಿಸಿ, ಯುಗಾದಿಗೆ ಮಹಾಸಂಚಿಕೆ ಮಾಡುತ್ತಿದ್ದರು.

ಕಂಪ್ಲಿಯವರ ಸುದ್ದಿಗೆ ಇಷ್ಟು ರಂಗಿಲ್ಲ. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಗಂಗಾವತಿ ಕಡೆಯ ಅವರ ಸೇತುವೆ ಮುಳುಗುತ್ತದೆ, ಟೀವಿಯಲ್ಲಿ ಬರುತ್ತದೆ, ಜನ ಬುಕ್ಕಸಾಗರದ ಕಡೆಯಿಂದ ಸುತ್ತು ಹಾಕುತ್ತಾರೆ. ಹೋದ ವರ್ಷದ ದೃಶ್ಯವನ್ನೇ ಹಾಕಿದರೂ ಕಂಡುಹಿಡಿಯುವವರಿಲ್ಲ. ಸಂಡೂರಿನದು ಅದಕ್ಕಿಂತ ಕಡೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯ 1755 ಸಾಮಾನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಕನ್ನಡಿ, ಕವಡೆ, ಕೆಂಪು ನೀಲಿ ದಾರ ಕಣ್ಣಿಗೆ ಬೀಳುವಷ್ಟರಲ್ಲಿ ಜಾಹೀರಾತು ಬಂತು.

ವೀಡಿಯೋದಿಂದ ಹಂಪಿಗೆ ಒಮ್ಮೆ ಒಳ್ಳೆಯದೂ ಆಗಿದೆ. 2019ರಲ್ಲಿ ನಾಲ್ವರು ಹುಡುಗರು ಅಲ್ಲಿನ ಕಂಬ ಕೆಡವುವ ವೀಡಿಯೋ ಹರಿದಾಡಿ ಕೇಸಾಯಿತು. ಹೊಸಪೇಟೆ ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿದ್ದಲ್ಲದೆ, ಬಿದ್ದ ಕಂಬವನ್ನು ಅವರ ಕೈಯಿಂದಲೇ ಎತ್ತಿಸಿ ನಿಲ್ಲಿಸಿತು. ಕೆಡವಲು ಕ್ಷಣ ಸಾಕಾಗಿತ್ತು. ಎತ್ತುವಾಗಿನ ಮೋರೆಗಳನ್ನು ನೋಡಬೇಕಿತ್ತು. ನಾನು ನೋಡಿದ ರಿಯಾಲಿಟಿ ಶೋಗಳಲ್ಲಿ ಇದಕ್ಕೇ ಮೊದಲ ಬಹುಮಾನ.

ಮೊನ್ನೆ ನೆಂಟರನ್ನು ಕರೆದುಕೊಂಡು ಹಂಪಿಗೆ ಹೋಗಿದ್ದೆ. ಬ್ಯಾಟರಿ ಗಾಡಿ ಇಳಿದು ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ನಿಂತರೆ ಎಲ್ಲರಿಗೂ ಒಂದೇ ಹಟ: 2017ರಿಂದ ರಥ ಹೊತ್ತು ತಿರುಗುವ ಹೊಸ ಐವತ್ತರ ನೋಟು ಹಿಡಿದು ಫೋಟೋ ತೆಗೆಸಿಕೊಳ್ಳಬೇಕು. ಈಗ ಜೇಬಿನಲ್ಲಿ ನೋಟು ಇಡುವವರಾರು? ಗುಂಪಿನಲ್ಲಿ ಒಂದೇ ಒಂದು ಸಿಕ್ಕಿತು, ಅದೂ ನನ್ನದು. ಅದು ಕೈಯಿಂದ ಕೈಗೆ ಹೋಗಿ ಗುಜರಾತಿನವರ ಫೋಟೋದಲ್ಲೂ ಬಂತು, ಒಡಿಶಾದವರ ಫೋಟೋದಲ್ಲೂ ಬಂತು. ಒಬ್ಬರು ನೋಟನ್ನೂ ರಥವನ್ನೂ ಎರಡೆರಡು ಸಲ ನೋಡಿ, "ಪರವಾಗಿಲ್ಲ, ರಥ ಸರಿಯಾಗಿಯೇ ಮಾಡಿದ್ದಾರೆ" ಎಂದು ಒಪ್ಪಿಗೆ ಕೊಟ್ಟರು. ಅಷ್ಟೆಲ್ಲ ಮೆರೆದು ಬೆವರು ಹಿಡಿದ ಅದೇ ನೋಟನ್ನು ಹೊರಗೆ ಎಳನೀರಿನವನಿಗೆ ಕೊಡಹೋದರೆ ಅವನು ಮುಟ್ಟಲೂ ಇಲ್ಲ.

"ಸ್ಕ್ಯಾನ್ ಮಾಡ್ರಿ ಸರ, ಚಿಲ್ರಿ ಇಲ್ಲ."