ಗಡ್ಡ ಬೆಳೆಸುವ ಪಟ್ಟಿ

ಟೇಕಲ್ ಸ್ಟೇಷನ್ನಿನಲ್ಲಿ ಬೆಳಗಿನ ಗಾಡಿಗೆ ಕಾಯುವವರ ಪೈಕಿ ಗಡ್ಡ ಬಿಟ್ಟವರು ಮೂರು ಬಗೆ: ಅಯ್ಯಪ್ಪನ ಮಾಲೆ ಹಾಕಿದವರು, ಹೆಂಡತಿ ಬಸುರಿಯಾಗಿರುವವರು, ಸ್ವಂತ ಕ್ಷೌರಕ್ಕೆಂದು ಚರ್ಮದ ಪಟ್ಟಿ ತಯಾರಿಸುತ್ತಿರುವವರು. ಮೊದಲಿಬ್ಬರ ಗಡ್ಡಕ್ಕೆ ಗಡುವಿದೆ. ಶಬರಿಮಲೆಯಿಂದ ಇಳಿದ ಮೇಲೆ, ಹೆರಿಗೆಯಾದ ಮೇಲೆ ಅದೂ ಇಳಿಯುತ್ತದೆ. ಮೂರನೆಯವರಿಗೆ ಗಡುವೆಂಬುದೇ ಇಲ್ಲ. ಇವರನ್ನು ಪಟ್ಟಿ ಪಂಡಿತರು ಎಂದು ಕರೆಯೋಣ. ಮಡಚುವ ಕ್ಷೌರದ ಕತ್ತಿಯನ್ನು ಸಾವಿರಾರು ರೂಪಾಯಿ ಕೊಟ್ಟು ತರಿಸಿಕೊಂಡಿರುತ್ತಾರೆ. ಅದರ ಬಾಯಿ ನಯಗೊಳಿಸುವ ಪಟ್ಟಿ ಮಾತ್ರ ತಮ್ಮ ಕೈಯಿಂದಲೇ ಆಗಬೇಕೆಂಬ ಹಟ. ಪಂಡಿತರ ಗಡ್ಡಕ್ಕೆ ಸೋಮಾರಿತನ ಕಾರಣ ಎನ್ನುವುದು ಸುಳ್ಳು. ಅವರಷ್ಟು ದುಡಿಯುವವರು ಊರಲ್ಲಿ ಕಡಿಮೆ. ಗಡ್ಡ ಬೆಳೆಯುವುದು ಆ ದುಡಿಮೆಯಿಂದಲೇ ಎಂಬುದು ನನ್ನ ವಾದ.

ಶಾಸ್ತ್ರದಲ್ಲಿ ಪಂಡಿತರನ್ನು ಸೋಲಿಸಲಾಗದು. ಕೂದಲು ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೆದು, ಆದರೂ ಅಲಗನ್ನು ಕೆಡಿಸುತ್ತದೆ; ಅಮೆರಿಕದ ಎಂ.ಐ.ಟಿ.ಯ ಲೋಹತಜ್ಞರು 2020ರಲ್ಲಿ ಇದನ್ನು ಸೂಕ್ಷ್ಮದರ್ಶಕದಡಿ ತೋರಿಸಿದರು ಎನ್ನುತ್ತಾರೆ. ನಿಜವೇ. ಆದರೆ ಅಲ್ಲಿ ಕಂಡದ್ದು ಅಲಗಿನ ಅಂಚು ಚೂರುಚೂರಾಗಿ ಎಗರುವುದು. ಎಗರಿದ್ದನ್ನು ಸರಿಪಡಿಸಲು ಸಾಣೆಕಲ್ಲೇ ಬೇಕು. ಚರ್ಮದ ಕೆಲಸ ಬಾಗಿದ ಅಂಚನ್ನು ನೆಟ್ಟಗೆ ಮಾಡಿ ಹೊಳಪು ಕೊಡುವುದಷ್ಟೇ. ಪಂಡಿತರು ಈ ವ್ಯತ್ಯಾಸವನ್ನು ಬಲ್ಲರು, ಹೇಳುವುದಿಲ್ಲ. ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ ಬರುವಂತೆ ಎಳೆಯಬೇಕು, ಕೊನೆಯಲ್ಲಿ ಬೆನ್ನಿನ ಮೇಲೆಯೇ ಹೊರಳಿಸಬೇಕು ಎಂಬುದನ್ನು ಕಂಬಕ್ಕೆ ಟವೆಲು ಕಟ್ಟಿ, ಬಾಚಣಿಗೆ ಹಿಡಿದು ಮಾಡಿ ತೋರಿಸುತ್ತಾರೆ.

ತೊಡಕು ಶುರುವಾಗುವುದು ಚರ್ಮದಿಂದ. ಈಗ ಕಾರ್ಖಾನೆಗಳಿಂದ ಬರುವ ಬಹುಪಾಲು ಚರ್ಮ ಕ್ರೋಮಿಯಂ ಉಪ್ಪಿನಲ್ಲಿ ಹದವಾದದ್ದು. ಮೆತ್ತಗೆ, ಎಳೆದರೆ ಹಿಗ್ಗುತ್ತದೆ. ಪಟ್ಟಿ ಜೋತುಬಿದ್ದರೆ ಕತ್ತಿಯ ಬಾಯಿ ದುಂಡಗಾಗುತ್ತದೆ. ತೊಗಟೆಯಲ್ಲಿ ಹದ ಮಾಡಿದ ಗಟ್ಟಿ ಚರ್ಮವೇ ಇದಕ್ಕೆ ಸರಿ. ಕೋಲಾರದ ಬೀಳುಗಳಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿ ಗಿಡದ ತೊಗಟೆ ದಕ್ಷಿಣದ ಚರ್ಮ ಹದಗಾರರಿಗೆ ಹಿಂದಿನಿಂದ ಬಂದ ಸಾಮಗ್ರಿ. ಹೀಗಾಗಿ ಪಂಡಿತರು ಊರಿನ ಗಿಡವನ್ನು ಹೊಗಳುತ್ತಾ, ಅದೇ ರೈಲುಹಳಿ ಹಿಡಿದು, ಬಂಗಾರಪೇಟೆ, ಜೋಲಾರಪೇಟೆ ದಾಟಿ ಚರ್ಮ ಹದ ಮಾಡುವ ವಾಣಿಯಂಬಾಡಿ, ಆಂಬೂರುಗಳ ಕಡೆ ಹೊರಡುತ್ತಾರೆ. ಮೂರು ಮಿಲಿಮೀಟರ್ ದಪ್ಪ, ಮೂರು ಇಂಚು ಅಗಲ, ಮೊಳದುದ್ದ, ಎಲ್ಲೂ ಗಾಯದ ಗುರುತಿಲ್ಲದ ತುಂಡು ಬೇಕು. ಬೇಲಿ ತರಚದ ದನವನ್ನು ಹುಡುಕುವುದಕ್ಕೇ ಒಂದು ತಿಂಗಳು ಹೋಗುತ್ತದೆ. ತಂದಮೇಲೆ ಒದ್ದೆ ಮಾಡಿ ಹಲಗೆಗೆ ಬಿಗಿದು ಒಣಗಿಸಬೇಕು, ಸೀಸೆ ಉರುಳಿಸಿ ಮಟ್ಟ ಮಾಡಬೇಕು, ಎಣ್ಣೆ ತೊಟ್ಟಿಕ್ಕಿ ಅಂಗೈಯಿಂದ ತಿಕ್ಕಿ ತಿಕ್ಕಿ ಇಂಗಿಸಬೇಕು. ಆತುರಪಟ್ಟರೆ ಕೆಟ್ಟಿತು. ಹೀಗೆ ಚರ್ಮ ಒಣಗುವಷ್ಟು ದಿನವೂ ಕೂದಲು ಬೆಳೆಯುತ್ತಿರುತ್ತದೆ. ಕೊನೆಗೊಂದು ಭಾನುವಾರ ಪಟ್ಟಿ ಗೋಡೆಯ ಮೊಳೆಗೇರುತ್ತದೆ, ಕತ್ತಿ ಬಿಚ್ಚುತ್ತದೆ. ಕಲಿಯುವವರು ಹೊರಳಿಸುವ ಗಳಿಗೆಯಲ್ಲಿ ಬೆನ್ನನ್ನು ಎತ್ತಿಬಿಡುವುದು ಮಾಮೂಲು; ಕತ್ತಿ ಪಟ್ಟಿಯನ್ನೇ ಸೀಳುತ್ತದೆ. ಗಲ್ಲದಲ್ಲಿ ಒಂದು ಎಳೆಯೂ ಉದುರುವ ಮೊದಲೇ ಎರಡನೆಯ ಪಟ್ಟಿಗೆ ಆಂಬೂರಿನ ಟಿಕೇಟು. ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ದುಡ್ಡು ಉಳಿಯುತ್ತದಲ್ಲ ಎಂದು ಯಾರಾದರೂ ಕೇಳಬಹುದು. ರೈಲಿನ ಖರ್ಚು ಬಿಟ್ಟರೂ ಲೆಕ್ಕ ಕೂಡುವುದಿಲ್ಲ. ಪ್ಲಾಸ್ಟಿಕ್ ಕಸ ಕಡಿಮೆಯಾಗುತ್ತದಲ್ಲ ಎಂಬುದು ಎರಡನೆಯ ಪ್ರಶ್ನೆ. ಅದಕ್ಕೆ ಕತ್ತಿಯೇ ಬೇಕೆಂದಿಲ್ಲ; ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ರೇಜರಿನಲ್ಲಿ ಪ್ಲಾಸ್ಟಿಕ್ ಇರಲಿಲ್ಲ, ಬ್ಲೇಡು ಇವತ್ತಿಗೂ ಕಾಗದದಲ್ಲೇ ಸುತ್ತಿ ಬರುತ್ತದೆ. ಸ್ಟೇಷನ್ ರಸ್ತೆಯ ಸಲೂನಿನವರು ಅದೇ ಬ್ಲೇಡನ್ನು ಕಾಗದದ ಸಮೇತ ಮುರಿದು, ಅರ್ಧವನ್ನು ಹಿಡಿಗೆ ಸಿಕ್ಕಿಸಿ ಕೆಲಸ ಮುಗಿಸುತ್ತಾರೆ. ಏಡ್ಸ್ ಭಯ ಹರಡಿದ ಮೇಲೆ ಒಬ್ಬರಿಗೊಂದು ಹೊಸ ಬ್ಲೇಡು ರೂಢಿಯಾಗಿ, ಅಲ್ಲಿದ್ದ ಪಟ್ಟಿ ಮೊಳೆ ಬಿಟ್ಟಿತು. ಮನೆಯಲ್ಲಿ ಒಂದೇ ಮುಖ, ಒಂದೇ ಕತ್ತಿ. ಆ ಭಯ ಅಲ್ಲಿಗೆ ಅನ್ವಯಿಸದು, ಒಪ್ಪಿದೆ.

ಉಳಿದದ್ದು ದೊಡ್ಡ ಮಾತು: ಸ್ವಾವಲಂಬನೆ, ಕಳೆದುಹೋದ ಕಲೆ. ಇಲ್ಲಿ ನನ್ನ ನಗು ಸ್ವಲ್ಪ ಕಹಿಯಾಗುತ್ತದೆ. ಚರ್ಮ ಹದ ಮಾಡುವುದು, ಕ್ಷೌರ ಮಾಡುವುದು ಎರಡನ್ನೂ ನಮ್ಮ ಊರುಗಳು ಎರಡು ಸಮುದಾಯಗಳ ತಲೆಗೆ ಕಟ್ಟಿ, ಕಣದಲ್ಲಿ ಒಂದಿಷ್ಟು ಕಾಳು ಅಳೆದುಕೊಟ್ಟು, ಮೇಲೆ ಅವಮಾನವನ್ನೂ ಸೇರಿಸಿ ಕೊಟ್ಟಿದ್ದವು. ಆಗ ಯಾರೂ ಅದನ್ನು ಕಲೆ ಎನ್ನಲಿಲ್ಲ. ಪಟ್ಟಿ ಇಲ್ಲದ ಕಡೆ ತಮ್ಮ ಅಂಗೈ ಮೇಲೆಯೇ ಕತ್ತಿ ಆಡಿಸಿದ ಕ್ಷೌರಿಕರ ಬಗ್ಗೆ ಪಂಡಿತರು ಒಂದು ಮಾತೂ ಆಡುವುದಿಲ್ಲ. ಕತ್ತಿಗೆ ಹೆಸರಾದ ವಿದೇಶಿ ಊರುಗಳಾದ ಶೆಫೀಲ್ಡ್, ಸೋಲಿಂಗೆನ್ ಹೆಸರು ಮಾತ್ರ ಹತ್ತು ಸಲ ಬರುತ್ತದೆ. ಇದೇ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳೂ ಉಳಿಗೆ ಹದ ಹಿಡಿಸುತ್ತಾರೆ. ಆದರೆ ಅದು ವಿಗ್ರಹ ಕಡೆಯುವುದಕ್ಕೆ. ಉಳಿಯ ಮಹಿಮೆ ಹೇಳುತ್ತಾ ಕೂತರೆ ವಿಗ್ರಹ ಆಗುವುದಿಲ್ಲ.

ನಿರಪಾಯ ಹವ್ಯಾಸ, ಬಿಟ್ಟುಬಿಡಿ ಎನ್ನುವವರ ಮಾತಿಗೆ ನಾನೂ ತಲೆಯಾಡಿಸುತ್ತೇನೆ. ಇಸ್ಪೀಟಿಗಿಂತ ವಾಸಿ. ಆದರೆ ಮೂರನೆಯ ಪಟ್ಟಿ ಹೇಗೋ ಸೀಳದೆ ಉಳಿದಿದೆ ಎಂದು ಮನೆಯವರು ಸಮಾಧಾನಪಡುವಷ್ಟರಲ್ಲಿ ಪಂಡಿತರ ಕಣ್ಣು ಟೇಕಲ್ ಬೆಟ್ಟದ ಮೇಲೆ ಬಿದ್ದಿದೆ. ಇಷ್ಟು ಬಂಡೆ ಇರುವ ಊರಲ್ಲಿ ಸಾಣೆಕಲ್ಲನ್ನು ದುಡ್ಡು ಕೊಟ್ಟು ತರುವುದೇ? ಗ್ರಾನೈಟಿನ ಕಣಗಳು ದಪ್ಪ, ಒಂದೊಂದು ಖನಿಜದ ಗಟ್ಟಿತನ ಒಂದೊಂದು ತರಹ, ನುಣ್ಣಗಿನ ಅಲಗಿಗೆ ಅದು ಒಗ್ಗದು ಎಂದು ಯಾರೋ ಹೇಳಿದರಂತೆ. ‘ಮೊದಲ ಒರಟು ಕೆಲಸಕ್ಕೆ ಆಗುತ್ತೆ ಬಿಡಿ ಸಾರ್’ ಎಂದು ಅವರು ಚಪ್ಪಡಿ ಮಟ್ಟ ಮಾಡಲು ಕೂತಿದ್ದಾರೆ.