ಇನ್ನೊಂದೇ ಒಂದು ಕೋಟು

ಹಳೆಯ ಬಡಾವಣೆ ಅಂದಮೇಲೆ ಅಲ್ಲೊಬ್ಬರು ಫಿಯಟ್ ರಾಯರು ಇರಲೇಬೇಕು. ಬಸವನಗುಡಿಯಲ್ಲೂ ಇರುತ್ತಾರೆ, ಮೈಸೂರಿನ ಸರಸ್ವತಿಪುರದಲ್ಲೂ ಇರುತ್ತಾರೆ; ಹುಬ್ಬಳ್ಳಿ ಕಡೆ ಹೋದರೆ ಅವರೇ ಅಂಬಾಸಿಡರ್ ದೇಸಾಯರಾಗಿರುತ್ತಾರೆ. ಗುರುತು ಹಿಡಿಯುವುದು ಸುಲಭ. ಕಾಂಪೌಂಡಿನೊಳಗೆ ನೀಲಿ ಟಾರ್ಪಾಲಿನ ಕೆಳಗೊಂದು ಗುಡ್ಡ, ಪಕ್ಕದಲ್ಲಿ ಜೇಬಿನ ತುಂಬ ವಾಟರ್ ಪೇಪರ್ ತುಂಬಿಕೊಂಡ ಒಬ್ಬ ನಿವೃತ್ತ ಅಧಿಕಾರಿ. ಮನೆಮಂದಿ ದಿನಾ ಓಡಾಡುವ ಕಾರು ಮಾತ್ರ ಬೀದಿಯಲ್ಲಿ, ಬಿಸಿಲಿನಲ್ಲಿ.

ಜಯನಗರದ ನಮ್ಮ ಬೀದಿಯ ರಾಯರದು 1966ರ ಫಿಯಟ್ 1100 ಡಿಲೈಟ್. 1089 ಸಿಸಿ, ಸ್ಟೀರಿಂಗಿನ ಪಕ್ಕದಲ್ಲೇ ಗೇರು. ಮುಂಬೈಯ ಕುರ್ಲಾ ಕಾರ್ಖಾನೆಯ ಇದೇ ಗಾಡಿ ಮುಂದೆ ಪ್ರೆಸಿಡೆಂಟ್ ಆಯಿತು, ಆಮೇಲೆ ಪದ್ಮಿನಿ ಆಯಿತು. ದಾರಿಹೋಕರು ಯಾರಾದರೂ “ಪದ್ಮಿನಿನಾ ಸಾರ್?” ಎಂದರೋ, ಅವರ ಅರ್ಧ ಗಂಟೆ ಹೋಯಿತು ಎಂದೇ ಲೆಕ್ಕ. ಮಾರಿದವನು “ಒಬ್ರೇ ಓನರು ಸಾರ್, ಡಾಕ್ಟ್ರು. ಭಾನುವಾರ ಮಾತ್ರ ಆಚೆ ತೆಗೀತಿದ್ರು” ಎಂದಿದ್ದನಂತೆ. ಅವತ್ತು ಭಾನುವಾರ ಅಲ್ಲವೆಂದೋ ಏನೋ, ಕಾರು ಲಾರಿಯ ಮೇಲೆ ಬಂದು ಇಳಿಯಿತು.

ಖರ್ಚಿನ ಮಾತು ಬಂದಾಗಲೆಲ್ಲ ರಾಯರು ಲಾಲ್ ಬಹದ್ದೂರ್ ಶಾಸ್ತ್ರಿಗಳನ್ನು ಕರೆತರುತ್ತಾರೆ. “ಪ್ರಧಾನಿಯಾಗಿದ್ದೂ 12,000 ರೂಪಾಯಿಯ ಫಿಯಟ್ಟಿಗೆ ಬ್ಯಾಂಕಿನಲ್ಲಿ 5,000 ಸಾಲ ಮಾಡಿದರು. ಅಂಥ ಗಾಡಿ ಇದು!” ಇದನ್ನು ಕೇಳಿ ಕೇಳಿ ಬಾಯಿಪಾಠವಾಗಿರುವ ಅವರ ಮನೆಯವರು ಕಾಫಿ ಲೋಟ ಇಡುತ್ತಾ ಕತೆಯ ಉಳಿದರ್ಧ ಹೇಳುತ್ತಾರೆ: “ಅವರು ಹೋದಮೇಲೆ ಆ ಸಾಲ ತೀರಿಸಿದ್ದು ಲಲಿತಾ ಶಾಸ್ತ್ರಿಗಳು, ಪೆನ್ಷನ್ನಿನಲ್ಲಿ. ಅದನ್ನೂ ಹೇಳಿ.”

ಹಳೇ ಬಣ್ಣ ಕೆರೆಯಲು ಶುರುಮಾಡಿದ ದಿನ ಬೀದಿಗೆ ಬೀದಿಯೇ ಗೇಟಿನಲ್ಲಿ ನೆರೆದಿತ್ತು. ಮೇಲೆ ಬಿಳಿ, ಅದರಡಿ ಆಕಾಶನೀಲಿ, ಅದರಡಿ ಹಸಿರು. ಇನ್ನೂ ಉಜ್ಜಿದರೆ ಬಾಗಿಲೆಲ್ಲ ಕಪ್ಪು, ಟಾಪು ಹಳದಿ. ಟಿಂಕರಿಂಗ್ ಮಾಡುವ ಹುಡುಗ ಸುತ್ತಿಗೆ ಕೆಳಗಿಟ್ಟು, “ಡಾಕ್ಟ್ರು ಸೋಮವಾರದಿಂದ ಶನಿವಾರದವರೆಗೆ ಟ್ಯಾಕ್ಸಿ ಹೊಡೀತಿದ್ರು ಅನ್ಸುತ್ತೆ ಸಾರ್” ಎಂದ. ರಾಯರಿಗೆ ಅವತ್ತು ಊಟ ಸೇರಲಿಲ್ಲ.

ಮೂಲ ಬಣ್ಣ ಸಿಕ್ಕಿದ್ದು ಡ್ಯಾಶ್‌ಬೋರ್ಡಿನ ಹಿಂದೆ, ಬೆಂಕಿಪೊಟ್ಟಣದಷ್ಟು ಜಾಗದಲ್ಲಿ. ಅಲ್ಲಿಂದ ರಾಯರು ಗ್ಲೋವ್‌ಬಾಕ್ಸಿನ ಮುಚ್ಚಳ ಬಿಚ್ಚಿ ಬಟ್ಟೆಚೀಲಕ್ಕೆ ಹಾಕಿಕೊಂಡು ಜೆ.ಸಿ. ರಸ್ತೆಯ ಅಂಗಡಿ ಅಂಗಡಿ ತಿರುಗಿದರು. ಬಣ್ಣ ಮಿಕ್ಸ್ ಮಾಡುವವನು ಮಷೀನಿನಲ್ಲಿ ಇಟ್ಟು ನೋಡಿ, “ಆಫ್ ವೈಟ್ ಸಾರ್” ಎಂದ. “ಆಫ್ ವೈಟ್ ಅಲ್ಲಪ್ಪಾ, ಹಾಲಿಗೆ ಎರಡೇ ಹನಿ ಡಿಕಾಕ್ಷನ್ ಬಿದ್ದ ಹಾಗಿರಬೇಕು!” ಅವನು ಪಾಪ ಮೂರು ಸಲ ಬೆರೆಸಿ, ನಾಲ್ಕನೆಯ ಸಲ ಅಂಗಡಿ ಮುಚ್ಚುವ ಹೊತ್ತಾಯಿತು ಎಂದ. ಆಗ ಮಧ್ಯಾಹ್ನ ಎರಡು ಗಂಟೆ.

ಬಣ್ಣ ಸಿಕ್ಕಮೇಲೆ ಪೇಂಟರ್ ಭಾಯಿಯ ಜೊತೆ ಜಗಳ. ಭಾಯಿ ಹೇಳಿದ್ದು ನ್ಯಾಯವೇ: “ಪಿಯು ಪೇಂಟ್ ಹೊಡೆಯೋಣ ಸಾರ್. ಹಾರ್ಡನರ್ ಹಾಕಿದ್ರೆ ಗಟ್ಟಿ, ಹೊಳಪೂ ತಾನಾಗೇ ಬರುತ್ತೆ.” ರಾಯರು ಒಪ್ಪಲಿಲ್ಲ. “ನನ್ನ ಗಾಡಿ ಹುಟ್ಟಿದಾಗ ನಿನ್ನ ಪಿಯು ಎಲ್ಲಿತ್ತು? ಡ್ಯೂಕೋನೇ ಆಗಬೇಕು.” ಒಂದು ಕಾಲಕ್ಕೆ ಕಾರಿನ ಬಣ್ಣ ಒಣಗಲು ವಾರಗಟ್ಟಲೆ ಹಿಡಿಯುತ್ತಿತ್ತು. ಆ ಕಾಯುವಿಕೆ ತಪ್ಪಲೆಂದೇ ಅಮೆರಿಕದ ಡ್ಯುಪಾಂಟ್ ಮತ್ತು ಜನರಲ್ ಮೋಟರ್ಸ್ ಸೇರಿ 1923ರಲ್ಲಿ ಡ್ಯೂಕೋ ತಂದದ್ದು. ಗಂಟೆಗಳಲ್ಲಿ ಒಣಗುವುದೇ ಅದರ ಹೆಚ್ಚುಗಾರಿಕೆ. ಅಂಥ ಬಣ್ಣ ಹಿಡಿದು ವರ್ಷಗಟ್ಟಲೆ ಎಳೆದ ಕೀರ್ತಿ ರಾಯರಿಗೇ ಸಲ್ಲಬೇಕು.

ಈ ಬಣ್ಣಕ್ಕೆ ಥಂಡಿ ಗಾಳಿ ಆಗದು. ತಿನ್ನರ್ ಆರುವ ಹೊತ್ತಿಗೆ ಗಾಳಿಯ ತೇವ ಕೂತರೆ ಮೈಯೆಲ್ಲ ಬೆಳ್ಳಗೆ ಮಂಕಾಗುತ್ತದೆ. ಬೆಳಗ್ಗೆ ಸುಡುಬಿಸಿಲು ನೋಡಿ ಬಾನೆಟ್ಟಿಗೆ ಸ್ಪ್ರೇ ಹೊಡೆಸಿದರೆ ಮಧ್ಯಾಹ್ನಕ್ಕೆ ಬೆಂಗಳೂರಿನ ಮೋಡ ಹಾಜರ್. ಆಮೇಲೆ ರಾಯರೇ ಲುಂಗಿ ಎತ್ತಿ ಕಟ್ಟಿ, ಸೋಪಿನ ನೀರಿನ ಬಕೆಟ್ ಪಕ್ಕದಲ್ಲಿಟ್ಟುಕೊಂಡು ಕೂರುತ್ತಾರೆ. ಮೊದಲು 400 ನಂಬರ್ ಪೇಪರ್, ಆಮೇಲೆ 800, 1000, 2000. ಬೆರಳ ತುದಿಯಿಂದ ಸವರಿ, ಕಣ್ಣು ಮುಚ್ಚಿ, ಇಲ್ಲೊಂದು ಸಾಸಿವೆಯಷ್ಟು ಗುಳಿ ಇದೆ ಎನ್ನುತ್ತಾರೆ. ಭಾಯಿಗೆ ಕಾಣುವುದಿಲ್ಲ, ನಮಗಂತೂ ಕಾಣುವುದೇ ಇಲ್ಲ. ಮತ್ತೆ ಪಟ್ಟಿ, ಮತ್ತೆ ಪ್ರೈಮರ್, ಮತ್ತೆ “ಇನ್ನೊಂದೇ ಒಂದು ಕೋಟು ಭಾಯಿ.” ಹೊಡೆದ ಬಣ್ಣದಲ್ಲಿ ಮುಕ್ಕಾಲು ಪಾಲು ಉಜ್ಜಿದ ನೀರಲ್ಲಿ ಹರಿದುಹೋಗಿದೆ. “ಕಾರಿಗಿಂತ ನಮ್ಮ ಮೋರಿಗೇ ಫಿನಿಶಿಂಗ್ ಚೆನ್ನಾಗಿ ಬಂದಿದೆ” ಎನ್ನುವುದು ಮನೆಯವರ ಅಭಿಪ್ರಾಯ.

ಕಂಠೀರವದ ಹತ್ತಿರವೋ ವಿಧಾನಸೌಧದ ಮುಂದೆಯೋ ಹಳೇ ಕಾರುಗಳ ರ‍್ಯಾಲಿ ನಡೆದರೆ ರಾಯರು ತಪ್ಪಿಸುವುದಿಲ್ಲ. ಆಟೋದಲ್ಲಿ ಹೋಗುತ್ತಾರೆ. ಮಿರಿಮಿರಿ ಮಿಂಚುವ ಮಾರಿಸ್ ಮೈನರ್‌ಗಳ ಸುತ್ತ ಕೈಕಟ್ಟಿಕೊಂಡು ಒಂದು ಪ್ರದಕ್ಷಿಣೆ ಹಾಕಿ, “ಹಬ್‌ಕ್ಯಾಪ್ ಒರಿಜಿನಲ್ ಅಲ್ಲ” ಎಂದು ತೀರ್ಪು ಕೊಟ್ಟು ಬರುತ್ತಾರೆ.

2021ರಲ್ಲಿ ಕೇಂದ್ರ ಸರ್ಕಾರ ಐವತ್ತು ದಾಟಿದ ಗಾಡಿಗಳಿಗೆ ‘ವಿಎ’ ಅಕ್ಷರದ ಬೇರೆ ನಂಬರ್ ಪ್ಲೇಟು ತಂದಾಗ ರಾಯರು ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ನೋಂದಣಿಗೆ 20,000 ರೂಪಾಯಿ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲು ಇಂಥದ್ದಕ್ಕೆ ಬಿಟ್ಟರೆ ರಸ್ತೆಗೆ ಇಳಿಸುವ ಹಾಗಿಲ್ಲ. ಮನೆಯವರು ಕೇಳಿದರು: “ಓಡಿಸದೆ ಇರೋದಕ್ಕೆ 20,000 ಯಾಕೆ ಕಟ್ಬೇಕುರೀ? ಈಗ ಬಿಟ್ಟಿಯಾಗೇ ಓಡಿಸ್ತಿಲ್ವಲ್ಲ.”

ಆಯುಧಪೂಜೆ ಮಾತ್ರ ಒಂದು ವರ್ಷವೂ ತಪ್ಪಿಲ್ಲ. ಟಾರ್ಪಾಲು ತೆಗೆದು, ಬಾಳೆಕಂದು ಕಟ್ಟಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡುತ್ತಾರೆ. ಗಾಡಿ ಮುಂದಕ್ಕೆ ಹೋದರೆ ತಾನೆ ಹಣ್ಣು ಅಪ್ಪಚ್ಚಿಯಾಗುವುದು? ನಾಲ್ಕೂ ನೆಟ್ಟಗೆ ಉಳಿದು ಮಾರನೆಯ ದಿನ ಚಿತ್ರಾನ್ನಕ್ಕೆ ಬೀಳುತ್ತವೆ.

ಈಗ ಕೆಲಸ ನಿಂತಿರುವುದು ಎಡಗಡೆ ಹಿಂಬಾಗಿಲಿನ ಒಂದು ಹಿಡಿಗಾಗಿ. ಶಿವಾಜಿನಗರದ ಗುಜರಿಯೆಲ್ಲ ಜಾಲಾಡಿ ಆಯಿತು. ಓದುಗರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಅದು ಬಿದ್ದಿದ್ದರೆ ದಯವಿಟ್ಟು ನೇರವಾಗಿ ರಾಯರ ಮನೆಯವರ ಕೈಗೆ ತಲುಪಿಸಿ. ರಾಯರ ಕೈಗೆ ಕೊಟ್ಟರೆ ಇದು 1966ರದ್ದಲ್ಲ, 1968ರದ್ದು ಎಂದು ವಾಪಸು ಕಳಿಸುತ್ತಾರೆ.